ಸಣ್ಣಗಿದ್ದವಳ ರಿಪೋರ್ಟು

ಗಿರಿಜಾ, ನಿನಗೆ ಸಕ್ಕರೆ ಕಾಯಿಲೆ ಇದೆಯೆಂದು ನಿನಗಿಂತ ಹನ್ನೊಂದು ತಿಂಗಳು ಮೊದಲೇ ನನಗೆ ಗೊತ್ತಿತ್ತು. ಗೊತ್ತಿದ್ದೂ ಮುಚ್ಚಿಟ್ಟೆ. ಬಾಯಲ್ಲಿ ಹೇಳಲು ಹೋದರೆ ಅತ್ತುಬಿಡುತ್ತೇನೆ, ನೀನು ನನ್ನನ್ನೇ ಸಮಾಧಾನ ಮಾಡಲು ಕೂರುತ್ತೀಯ — ಅದಕ್ಕೇ ಬರೆಯುತ್ತಿದ್ದೇನೆ.

ಕಳೆದ ವರ್ಷ ನೀನು ಹರಿಹರದಿಂದ ತವರಿಗೆ ಬಂದಿದ್ದೆ. ನಿನ್ನಮ್ಮ, ಅಂದರೆ ನನ್ನ ಅತ್ತೆ, ಸಕ್ಕರೆ ಪರೀಕ್ಷೆಗೆಂದು ಇಲ್ಲೇ ದಾವಣಗೆರೆಯ ಲ್ಯಾಬಿಗೆ ಕಳಿಸಿದ್ದು ನನ್ನನ್ನು. ಹೊರಡುವಾಗ ಅವರು ಅಂದದ್ದು ನಿನಗೂ ನೆನಪಿರಬೇಕು.

"ಇಕಿ ಬಾಗ್ಲಿಗೆ ಅಡ್ಡ ನಿಂತ್ರೆ ಗಾಳಿನೂ ಕೇಳ್ಕೊಂಡು ಒಳಗ ಬರ್ಬೇಕು. ನನ್ ಮಗಳ್ನ ನೋಡು, ಮದುವಿ ಜಂಪರು ಈಗ ಸಡ್ಲಾಗೈತೆ. ಆರೋಗ್ಯ ಅಂದ್ರ ಅದು!"

"ಸುಮ್ನಿರಬೇ, ಅತ್ತಿಗೆ ಕೈಯಾಗಿನ ಹೋಳಿಗಿ ತಿನ್ನಾಕೇ ನಾನಿಲ್ಲಿಗೆ ಬರೋದು" ಎಂದು ನೀನು ನನ್ನ ಪರ ನಿಂತೆ. ಜೊತೆಗೆ ಬಂದವಳು, ತಮಾಷೆಗೆಂಬಂತೆ, ನೀನೂ ರಕ್ತ ಕೊಟ್ಟೆ.

ಮರುದಿನ ರಿಪೋರ್ಟು ತರಲು ನಾನೊಬ್ಬಳೇ ಹೋದೆ. ನೀನು ಆಗಲೇ ಬಸ್ಸು ಹತ್ತಿದ್ದೆ. ನನ್ನದು ನಾರ್ಮಲ್. ನಿನ್ನ ಹೆಸರಿನ ಕಾಗದದಲ್ಲಿ ಸಕ್ಕರೆಯ ಅಂಕಿಯ ಕೆಳಗೆ ದಪ್ಪ ಗೆರೆ. ನಾನು ನಕ್ಕುಬಿಟ್ಟೆ. ಲ್ಯಾಬಿನವರು ಹೆಸರು ಅದಲುಬದಲು ಮಾಡಿದ್ದಾರೆ — ಅಷ್ಟು ಖಾತ್ರಿ ನನಗೆ! ಕಾನ್ವೆಂಟಿನಲ್ಲಿ ಓದಿದವಳು, ಅಚ್ಚಾದದ್ದನ್ನು ಬಿಟ್ಟು ನನ್ನ ಸೊಂಟದ ಸುತ್ತಳತೆಯನ್ನು ನಂಬಿದೆ. ಕೌಂಟರಿನಲ್ಲಿ ಒಂದು ಮಾತು ಕೇಳಲಿಲ್ಲ. ಮೆಟ್ಟಿಲ ಮೇಲೆ ನಿಂತೇ ನಿನಗೆ ಫೋನ್ ಮಾಡಿದೆ.

"ನಿಂದು ಎಲ್ಲಾ ನಾರ್ಮಲ್ ಐತೆ ನೋಡವ್ವ. ಸಕ್ಕರಿ ಬಂದಿರೋದು ನಂಗೆ."

ಅಷ್ಟಕ್ಕೇ ನಿಂತಿದ್ದರೆ ತಿಳಿಗೇಡಿತನ ಎನ್ನಬಹುದಿತ್ತು.

ಹದಿನೈದು ದಿನದ ಮೇಲೆ ಡಾಕ್ಟರ ಬಳಿ ಹೋದೆ. ಮಾತ್ರೆ ಬರೆಯುವ ಮುಂಚೆ ಅವರು ಮತ್ತೆ ರಕ್ತ ತೆಗೆಸಿದರು. "ನಿಮಗೇನೂ ಇಲ್ಲಮ್ಮ. ಯಾರದೋ ರಿಪೋರ್ಟು ಹಿಡ್ಕೊಂಡು ಹೆದರಿದೀರಿ."

ಯಾರದೋ — ಆ ಕುರ್ಚಿಯಲ್ಲೇ ತಿಳಿಯಿತು, ಯಾರದೆಂದು. ಊಟದ ನಡುವೆ ನೀನು ಎರಡೆರಡು ಚೊಂಬು ನೀರು ಕುಡಿಯುತ್ತಿದ್ದುದು, ಸಿನಿಮಾ ಮುಗಿಯುವುದರೊಳಗೆ ಮೂರು ಸಲ ಎದ್ದು ಹೋದದ್ದು... ಎಲ್ಲ ನೋಡಿದ್ದೆ. ನೋಡಿಯೂ, ಸಣ್ಣಗಿದ್ದಾಳಲ್ಲ, ಇವಳಿಗೇನು ಎಂದುಕೊಂಡಿದ್ದೆ.

ಆವತ್ತೇ ಹೇಳಬೇಕಿತ್ತು. ಹೇಳಿದರೆ ಹೊಟ್ಟೆಕಿಚ್ಚಿಗೆ ಮಗಳ ಮೇಲೆ ರೋಗ ಹೊರಿಸುತ್ತಿದ್ದಾಳೆ ಎಂದು ಅತ್ತೆ ಅಂದಾರೆಂಬ ಭಯ — ಇಲ್ಲ, ಭಯವೊಂದೇ ಅಲ್ಲ. ನನಗೆ ಕಾಯಿಲೆ ಎಂದು ಕೇಳಿದ ದಿನದಿಂದ ಅತ್ತೆ ನನ್ನ ಮೈಯ ಬಗ್ಗೆ ಒಂದು ಚುಚ್ಚುಮಾತೂ ಆಡಿರಲಿಲ್ಲ. ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ಮೊದಲ ಸಲ "ಹೊತ್ತಿಗ್ ಸರಿಯಾಗಿ ಉಂಡೇನವ್ವಾ?" ಎಂದು ಕೇಳಿದ್ದರು. ಅದನ್ನು ಕಳೆದುಕೊಳ್ಳಲು ಮನಸ್ಸು ಬರಲಿಲ್ಲ. ನಿನ್ನ ಕಾಯಿಲೆಯನ್ನು ಹೊದ್ದುಕೊಂಡು ನಾನು ಬೆಚ್ಚಗಿದ್ದೆ, ಗಿರಿಜಾ.

ಯುಗಾದಿಗೆ ನೀನು ಇನ್ನೂ ಸಣ್ಣಗಾಗಿದ್ದೆ. "ಏನ್ ತಿಂತೀಯೇ, ನಮ್ಗೂ ಹೇಳು" ಎಂದು ಓಣಿಯ ಹೆಂಗಸರು ಸುತ್ತುವರಿದರು. ನಿನ್ನ ಎಲೆಗೆ ಎರಡನೆಯ ಹೋಳಿಗೆ ಹಾಕಲು ಬಾಗಿದವಳು ಒಮ್ಮೆ ಅದನ್ನು ಪಾತ್ರೆಗೇ ವಾಪಸ್ಸಿಟ್ಟೆ. ಆದರೂ ಹಾಕಿದೆ.

ಆಮೇಲೆ ನೀನು ಉಕ್ಕಡಗಾತ್ರಿಯ ಗುಡಿಗೆ ಬರಿಗಾಲಲ್ಲಿ ಹೋಗಿ ಬಂದೆ. ನಿನ್ನ ಕಾಲಿಗೊಂದು ಬೊಕ್ಕೆ. ಅದು ಮಾಯಲಿಲ್ಲ. ಈಗ ಬಲಗಾಲಿನ ಕಿರುಬೆರಳಿಲ್ಲ.

ನಿನ್ನೆ ವಾರ್ಡಿನಲ್ಲಿ ಡಾಕ್ಟರು ಕೇಳಿದರು, ಮೊದಲು ಯಾವತ್ತೂ ಟೆಸ್ಟ್ ಮಾಡಿಸಿರಲಿಲ್ಲವೇ ಎಂದು. ನೀನಂದೆ — "ಹೋದ ವರ್ಷ ಮಾಡ್ಸಿದ್ದೆ ಸರ್, ನಾರ್ಮಲ್ ಇತ್ತು. ನಮ್ಮ ಅತ್ತಿಗೆನೇ ನೋಡ್ಯಾರ್ರಿ, ಓದಿದೋರು." ಅವರು ಅದನ್ನೇ ಫೈಲಿನಲ್ಲಿ ಬರೆದುಕೊಂಡರು. ನಾನು ಪಕ್ಕದಲ್ಲೇ ನಿಂತು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದೆ. ಮುಚ್ಚಳ ಬಿಗಿಯಾದ ಮೇಲೂ ತಿರುಗಿಸುತ್ತಿದ್ದೆ.

ನಿನ್ನ ಕಣ್ಣು, ಕಿಡ್ನಿಗಳ ಬಗ್ಗೆ ನಾಳೆ ಅವರು ಯೋಚಿಸುವುದು ಫೈಲಿನ ಆ ಸುಳ್ಳು ಸಾಲನ್ನು ನಂಬಿ, ಕಾಯಿಲೆ ಹೊಸದೆಂದುಕೊಂಡು. ಅದನ್ನು ಹೊಡೆದುಹಾಕಿಸುತ್ತೇನೆ — ನಿನ್ನೆದುರಿಗೆ, ಅತ್ತೆಯ ಎದುರಿಗೆ. ಅದಕ್ಕೆ ಮೊದಲು ನೀನು ಇದನ್ನು ಓದಿರಬೇಕು. ಓದುವಾಗ ನಾನು ವಾರ್ಡಿನ ಹೊರಗಿನ ಬೆಂಚಿನ ಮೇಲಿರುತ್ತೇನೆ. ನೀನು ಕರೆಯದಿದ್ದರೂ ಡಾಕ್ಟರು ಬಂದಾಗ ಒಳಗೆ ಬರುತ್ತೇನೆ.