ಬಾನೆಟ್ಟಿನ ಮೇಲಿನ ಹುಳಗಳು

ನನ್ನ ಗಂಡ ತೀರಿಕೊಂಡ ವಾರದಲ್ಲೇ ಮೊದಲ ಮಳೆ ಬಿತ್ತು. ನಾವು ಆಗ ಹೈದರಾಬಾದಿನ ನಾಚಾರಂನಲ್ಲಿ, ಅವರ ಕಾರ್ಖಾನೆಗೆ ಹತ್ತಿರದ ಬಾಡಿಗೆ ಮನೆಯಲ್ಲಿದ್ದೆವು. ಅಸ್ಥಿಯ ಗಡಿಗೆಯನ್ನು ಮನೆಯೊಳಗೆ ತರುವಂತಿಲ್ಲ. ಅದು ಸ್ಮಶಾನದ ಕಪಾಟಿನಲ್ಲಿತ್ತು, ಕೀಲಿ ಮೈದುನನ ಹತ್ತಿರ ಇತ್ತು. ಅಸ್ಥಿ ಬಿಡಲು ಕೃಷ್ಣಾ ನದಿಗೆ ನಾನೂ ಬರುತ್ತೇನೆ ಎಂದು ಅವನಿಗೆ ಮೊದಲೇ ಹೇಳಿದ್ದೆ.

"ಆಗ್ಲಿರಿ ವೈನಿ. ಐತವಾರ ಎಲ್ಲಾರೂ ಕೂಡೇ ಹೋಗೂಣು" ಎಂದಿದ್ದ.

ನಾನು ನಂಬಿದೆ. ನಂಬದಿರಲು ಕಾರಣವೇ ಇರಲಿಲ್ಲ. ಕಾಲೇಜಿಗೆಂದು ಬಂದು ನಮ್ಮ ಮನೆಯಲ್ಲೇ ಬೆಳೆದ ಹುಡುಗ ಅವನು. ಅವನಿಗೆ ಡಬ್ಬಿ ಕಟ್ಟಿದ ಮೇಲೆಯೇ ನಾನು ಚಹಾ ಕುಡಿಯುತ್ತಿದ್ದೆ.

ಶುಕ್ರವಾರ ಬೆಳಿಗ್ಗೆ ಕಾರಿನ ಚಾವಿ ಕೇಳಿದ. "ಗಾಡಿ ನಿಂತಲ್ಲೇ ನಿಂತ್ರ ಬ್ಯಾಟರಿ ಇಳೀತೈತ್ರಿ. ಇಲ್ಲೇ ಉಪ್ಪಲ್‌ನಾಗ ಗೆಳೆಯಾನ ಗ್ಯಾರೇಜಿಗೆ ತೋರಿಸಿ ಬರ್ತೀನಿ." ಬಂದದ್ದು ದೀಪ ಹಚ್ಚಿದ ಮೇಲೆ. ಊಟ ಬೇಡವೆಂದು ಮಲಗಿಬಿಟ್ಟ.

ಮರುದಿನ ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಲು ಹೋದಾಗ ಕಾರಿನ ಮುಂಭಾಗ ಕಂಡಿತು. ಕೆನೆ ಬಣ್ಣದ ಬಾನೆಟ್ಟು, ದೀಪ, ಎ.ಪಿ. ನಂಬರಿನ ಹಲಗೆ, ಎಲ್ಲ ಕಡೆ ಹುಳ. ರೆಕ್ಕೆ ಬೇರೆ, ಮೈ ಬೇರೆ, ನಡುವೆ ಹಳದಿ ಅಂಟು.

ಈ ಹುಳಗಳು ನನಗೆ ಹೊಸವಲ್ಲ. ಕೃಷ್ಣೆ ದಾಟಿ ರಾಯಚೂರಿಗೆ ಹೋಗಿ ಬಂದಾಗಲೆಲ್ಲ ಮರುದಿನ ನಾನೂ ನನ್ನ ಗಂಡನೂ ಅವನ್ನು ತೆಗೆಯುತ್ತಿದ್ದೆವು. "ನೋಡು, ಟಿಕೀಟ್ ಇಲ್ದ ಹೈದರಾಬಾದ್ ನೋಡಾಕ ಬಂದಾವ" ಎಂದು ಅವರು ನಗುತ್ತಿದ್ದರು. ಹಳೆಯ ಧೋತರದ ತುಂಡನ್ನು ಸಾಬೂನು ನೀರಿನಲ್ಲಿ ಅದ್ದಿ ಹುಳಗಳ ಮೇಲೆ ಹಾಸುವುದು ಅವರ ಪದ್ಧತಿ. ನಾನು ಅವಸರ ಮಾಡಿದರೆ ಕೈ ಹಿಡಿಯುತ್ತಿದ್ದರು: "ತಿಕ್ಕಬ್ಯಾಡ, ನೆನೀಲಿ. ಬಿಸಿಲು ಬೀಳೂದರಾಗ ತೆಗೀಬೇಕು, ಇಲ್ಲಂದ್ರ ಬಣ್ಣ ತಿಂತಾವ."

ಊರೊಳಗೆ ಓಡುವ ಗಾಡಿಗೆ ಹುಳ ಬಡಿದು ಹಾರಿ ಹೋಗುತ್ತದೆ, ಹೀಗೆ ಒಡೆಯುವುದಿಲ್ಲ. ಅದನ್ನೂ ಅವರೇ ಹೇಳಿದ್ದರು.

ನಾನು ಬಟ್ಟೆ ಅದ್ದಿ ಎಡಭಾಗಕ್ಕೆ ಹಾಸಿದೆ. ಅಷ್ಟರಲ್ಲಿ ಮೈದುನ ಹೊರಗೆ ಬಂದ.

"ಏನ್ ಮಾಡಾಕತ್ತೀರಿ ವೈನಿ? ಬಿಡ್ರಿ, ನಾ ತೊಳೀತೀನಿ."

"ಉಪ್ಪಲ್‌ಗೆ ಹೋದ ಗಾಡಿಗೆ ಇಷ್ಟ್ ಹುಳಾ ಎಲ್ಲಿಂದ ಬಂದ್ವೋ?"

"ಕೆರಿ ಕಡಿಂದ ಬಂದೆರಿ. ಮಳಿ ಆಗೈತಲ್ಲ..."

ನೆನೆದ ಬಟ್ಟೆಯನ್ನು ಎತ್ತಿ, ಸಡಿಲಾದ ಹುಳಗಳನ್ನು ಒರೆಸಿದೆ. ಅವನು ಮೆಟ್ಟಿಲ ಮೇಲೆ ಕುಳಿತುಬಿಟ್ಟ.

"ನದಿಗೆ ಹೋಗಿ ಬಂದಿ, ಹೌದಿಲ್ಲೋ?"

"ಅವ್ವ ಬ್ಯಾಡ ಅಂದ್ಲುರಿ" ಎಂದ. "ಹೆಣ್ಣುಮಕ್ಕಳು ಬರೂ ಪದ್ಧತಿ ಇಲ್ಲಂತ. ಹೇಳಿದ್ರ ನೀವು ಬಿಡ್ತಿರಲಿಲ್ಲ."

ಅಡುಗೆಮನೆಯಲ್ಲಿ ಅತ್ತೆ ಪಾತ್ರೆ ತಿಕ್ಕುತ್ತಿದ್ದರು. ಆ ಸಪ್ಪಳ ನಿಂತಿತು. ಹಿಂದಿನ ದಿನವೆಲ್ಲ ಅವರು ನನ್ನ ಪಕ್ಕದಲ್ಲೇ ಕುಳಿತು, ಐತವಾರ ಯಾವ ಸೀರೆ ಉಟ್ಟುಕೊಳ್ಳುತ್ತೀ ಎಂದು ಕೇಳಿದ್ದರು.

"ನೀರಿತ್ತೇನು?"

"ಭಾಳ ಇರಲಿಲ್ರಿ. ಬಂಡೆಗಲ್ಲು ದಾಟಿ ನಡುವಿನ ತನಕ ಹೋಗಬೇಕಾತು."

"ಬಿಡೂಮುಂದ ನಂದೂ ಅಂತ ಒಂದ್ ಹೂವಾದ್ರೂ ಹಾಕಿದ್ಯಾ?"

ಅವನಿಗೆ ಅದು ಹೊಳೆದೇ ಇರಲಿಲ್ಲ. ಪದ್ಧತಿಯಿಲ್ಲವೆಂದು ಮೊದಲೇ ಹೇಳಿದ್ದರೆ ಒಪ್ಪಿಕೊಳ್ಳುತ್ತಿದ್ದೆನೋ ಏನೋ, ಜಗಳವಾಡಿ, ಅತ್ತು, ಕೊನೆಗೆ ಒಂದು ಹೂವನ್ನಾದರೂ ಅವನ ಕೈಗೆ ಕೊಟ್ಟು ಕಳಿಸುತ್ತಿದ್ದೆ. ಅಷ್ಟನ್ನೂ ಆ ತಾಯಿ-ಮಗ ನನಗೆ ಬಿಡಲಿಲ್ಲ.

ಅವನು ಎದ್ದು ಬಂದು, ಬಲಭಾಗದ ಒಣ ಹುಳಗಳನ್ನು ಉಗುರಿನಿಂದ ಕೆರೆಯತೊಡಗಿದ.

"ಮುಟ್ಟಬ್ಯಾಡ. ಚಾವಿ ಕೊಡು" ಎಂದೆ.

ಕೊಟ್ಟ. ನಾನು ಬಕೆಟ್ಟಿನ ನೀರನ್ನು ಮೋರಿಗೆ ಚೆಲ್ಲಿ ಒಳಗೆ ಹೋದೆ. ಬಲಭಾಗ ಹಾಗೆಯೇ ಉಳಿಯಿತು. ಮೋಡ ಸರಿದು ಬಿಸಿಲು ಬಿದ್ದಾಗಲೂ ನಾನು ಏಳಲಿಲ್ಲ.

ಆಮೇಲೆ ಎಷ್ಟು ತೊಳೆದರೂ ಬಲಭಾಗದ ಆ ಕಲೆಗಳು ಹೋಗಲಿಲ್ಲ. ವರ್ಷಾಂತಿಕಕ್ಕೆ ಬಂದ ಮೈದುನ ಗೇಟು ತೆಗೆದು, ಕಾರಿನ ಎಡಗಡೆಯಿಂದ ಸುತ್ತಿ ಒಳಗೆ ಬಂದ. ನಾನು ಅವನಿಗೆ ಎಲೆ ಹಾಕಿ ಬಡಿಸಿದೆ.