ಉಪ್ಪು ಬಾರದ ಪಂಕ್ತಿ

ಮಧ್ಯಯುಗದ ನೈಟುಗಳ ಕತೆ ಕೇಳಿದರೆ ನನಗೆ ಮೈ ಉರಿಯುತ್ತದೆ. ಕೋಟೆ, ಕುದುರೆ, ರಾಜಕುಮಾರಿಗಾಗಿ ಪ್ರಾಣ ಕೊಡುವ ವೀರ, ಎಲ್ಲ ಸರಿ. ಆ ಕುದುರೆಗೆ ಹುಲ್ಲು ಹಾಕಿದವರು, ಒಡೆಯನ ಅಪ್ಪಣೆಯಿಲ್ಲದೆ ಊರು ಬಿಟ್ಟು ಹೋಗಲಾರದ ಜೀತದವರು ಮಾತ್ರ ಯಾರ ಕನಸಿನಲ್ಲೂ ಬರುವುದಿಲ್ಲ.

ನನ್ನ ಗಂಡನ ಕಾಲೇಜು ಗೆಳೆಯನಿಗೆ ಬಿದ್ದದ್ದೂ ಒಡೆಯನಾಗುವ ಕನಸೇ. ನಾವೆಲ್ಲ ವಲಸೆ ಬಂದ ಈ ಪರದೇಶದಲ್ಲಿ, ಕೆಲ್ಲಿವಿಲ್ ಎಂಬ ಬಡಾವಣೆಯಲ್ಲಿ ಮಹಡಿ ಮನೆ ಕಟ್ಟಿಸಿದ ಮೇಲೆ ಅವನ ನಡಿಗೆಯೇ ಬದಲಾಗಿತ್ತು. ನಲವತ್ತರ ಹುಟ್ಟುಹಬ್ಬಕ್ಕೆ ಮಧ್ಯಯುಗದ ಔತಣವಂತೆ. ಗ್ಯಾರೇಜಿಗೆ ರಟ್ಟಿನ ಬುರುಜು ಅಂಟಿಸಿ, ಚಿನ್ನದ ಬಣ್ಣದ ಕಾಗದದ ಕಿರೀಟ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದ. ಇಲ್ಲಿನ ಜನವರಿ ಬೇಸಿಗೆಯ ಬಿಸಿಲಿಗೆ ಕಿರೀಟದ ಗೋಂದು ಕರಗಿ ಹಣೆಗೆ ಇಳಿಯುತ್ತಿತ್ತು. ನೋಡಿ ನನಗೆ ಖುಷಿಯಾಯಿತು.

ಹಿತ್ತಲಿನ ಮರದ ಜಗಲಿಯ ಮೇಲೆ ಒಡೆಯರ ಮೇಜು, ಕೆಳಗೆ ಹುಲ್ಲಿನ ಮೇಲೆ ಉದ್ದನೆಯ ಬೆಂಚು. ಸ್ವಂತ ಮನೆ ಕೊಂಡವರೆಲ್ಲ ಲಾರ್ಡುಗಳು, ನೈಟುಗಳು; ಅವರು ಮೇಲೆ. ಗಿರಾವೀನ್‌ನಲ್ಲಿ ರೆಂಟ್ ಕಟ್ಟಿಕೊಂಡಿರುವ ನಮ್ಮಂಥವರು ಜೀತದವರು, ಕೆಳಗೆ. ಬರೀ ತಮಾಷೆಗೆ ಎಂದ ಗೆಳೆಯ. ಇಲ್ಲಿ ಕಾಯಂ ಆಗಿ ನೆಲಸಲು ಬೇಕಾದ ಪಿಆರ್‌ಗಾಗಿ ನಮ್ಮ ಜೊತೆಯೇ ಬಾಯಿ ಬಾಯಿ ಬಿಟ್ಟುಕೊಂಡು ಕಾದವನು ಇವನು. ನನ್ನ ಗಂಡ ಹಲ್ಲು ಕಿರಿದು ಬೆಂಚಿನಲ್ಲಿ ಕೂತ. ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ಜೊತೆಗೆ ಅಮ್ಮ ಇದ್ದಳು, ಕೋಲಾರದ ಕಡೆಯಿಂದ ನಮ್ಮನ್ನು ನೋಡಲು ಬಂದವಳು. ಅವಳು ಚಿಕ್ಕವಳಿದ್ದಾಗ ಗೌಡರ ಮನೆಯ ಮದುವೆಗಳಲ್ಲಿ ನಮ್ಮ ಜನರ ಪಂಕ್ತಿ ಬೇರೆ. ಕೊಟ್ಟಿಗೆಯ ಪಕ್ಕ, ಎಲ್ಲರ ಊಟ ಮುಗಿದ ಮೇಲೆ. ನಾನಾದರೂ ಎಲ್ಲರ ಸಾಲಿನಲ್ಲಿ ಕೂರಲಿ ಎಂದೇ ನನ್ನನ್ನು ಹಟ ಹಿಡಿದು ಓದಿಸಿದ್ದಳು. ಈಗ ನಾನೇ ಅವಳನ್ನು ಆ ಬೆಂಚಿಗೆ ಕರೆತಂದಿದ್ದೆ.

ಬಡಿಸಿದ ತರಕಾರಿ ಸೂಪು ಸಪ್ಪೆ. ಅಮ್ಮ ಉಪ್ಪು ಕೇಳಿದಳು. ಉಪ್ಪಿನ ಬಟ್ಟಲು ಇದ್ದದ್ದು ಮೇಲಿನ ಮೇಜಿನ ಮೇಲೆ ಮಾತ್ರ.

"ಆಂಟಿ, ಸಾಲ್ಟ್ ಬರೀ ಲಾರ್ಡ್ಸ್‌ಗೆ. ಆ ಕಾಲದಲ್ಲಿ ಹಂಗೇ ಇತ್ತು, ಹಿಸ್ಟರಿ ಇದು," ಎಂದ ಕಿರೀಟದವನು.

ಜಗಲಿಯ ಮೇಲಿದ್ದವರೆಲ್ಲ ನಕ್ಕರು. ನಾನು ಬಟ್ಟಲು ತಳ್ಳಿ ಎದ್ದೆ. ಅಮ್ಮ ನನ್ನ ದುಪಟ್ಟಾ ಹಿಡಿದೆಳೆದು ಕೂರಿಸಿದಳು. ಪಂಕ್ತಿಯಲ್ಲಿ ಉಳಿದವರು ಉಣ್ಣುತ್ತಿರುವಾಗ ನಡುವೆ ಏಳಬಾರದು ಎಂಬುದು ಅವಳ ಕಟ್ಟುನಿಟ್ಟು. ಆ ಸಪ್ಪೆ ನೀರನ್ನು ಕೊನೆಯ ತೊಟ್ಟಿನವರೆಗೂ ಕುಡಿದಳು. ಅವಳ ಮೇಲೂ ನನಗೆ ರೇಗಿಹೋಯಿತು.

ಎಲ್ಲರದೂ ಮುಗಿದ ಮೇಲೆ ಅವನು ಕೇಕಿನ ತಟ್ಟೆ ಹಿಡಿದು ಕೆಳಗಿಳಿದು ಬಂದ. ಊಟ ಹೇಗಿತ್ತು ಎಂದು ಅಮ್ಮನನ್ನೇ ಕೇಳಿದ. ಅವಳು ಸೆರಗಿನಿಂದ ಬಾಯೊರೆಸಿಕೊಂಡಳು.

"ನಮ್ಮೂರಾಗೆ ನಮ್ಮನ್ನ ಕೊಟ್ಗೆ ತಾವ ಕೂರಿಸ್ತಿದ್ರಪ್ಪ. ಆದ್ರೂ ಎಲೆಗೆ ಮೊದ್ಲು ಉಪ್ಪೇ ಇಕ್ತಿದ್ರು."

ಅವನ ಮುಖ ಬಿಳಿಚಿಕೊಂಡಿತು. ಕಿರೀಟ ತೆಗೆಯಲು ಹೋದ. ಗೋಂದು ಕೂದಲಿಗೆ ಹತ್ತಿಕೊಂಡು ಬರಲೊಲ್ಲದು. ಅಯ್ಯೋ ಪಾಪ ಎಂದು ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಕಿರೀಟ ಹೊತ್ತುಕೊಂಡೇ ಅವನು ಓಡಿ ಮೇಲೆ ಹೋಗಿ ಉಪ್ಪಿನ ಬಟ್ಟಲು ತಂದು ಅಮ್ಮ ಕೂತಿದ್ದ ಜಾಗದ ಮುಂದೆ ಇಟ್ಟ.

ಅಮ್ಮ ಆಗಲೇ ಎದ್ದು ತೋಟದ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಳು.