ಹಿತ್ತಾಳೆ ಬೆಳಗಿದ ಕೈ, ಹಲ್ಲು ಉಜ್ಜಿದ ಕೈ

ವಿಮಾ ಕಂಪನಿಯ ಹಳೆಯ ಕಟ್ಟಡದಲ್ಲಿ ಹೆಬ್ಬಾಗಿಲಿನ ಹಿಡಿಕೆ, ಮೂರು ಅಂತಸ್ತಿನ ಮೆಟ್ಟಿಲ ಕಂಬಿ, ಲಿಫ್ಟಿನ ಚೌಕಟ್ಟು, ಗೋಡೆಯ ನಾಮಫಲಕ, ಎಲ್ಲವೂ ಹಿತ್ತಾಳೆಯವು. ಅವನ್ನು ಮೂವತ್ತು ವರ್ಷಕ್ಕೂ ಮಿಕ್ಕಿ ಬೆಳಗಿದವರು ಒಬ್ಬರೇ. ಕಟ್ಟಡದವರೆಲ್ಲ ಅವರನ್ನು ಫಳಫಳಪ್ಪ ಎಂದು ಕರೆಯುತ್ತಿದ್ದರು. ಕೋಪ ಬಂದಾಗ ಹೆಂಡತಿಯೂ ಹಾಗೆಯೇ ಕರೆದದ್ದುಂಟು.

ನಿವೃತ್ತಿಯಾದ ಮೇಲೆ ಆ ಕೈಗೆ ಉಜ್ಜಲು ಉಳಿದದ್ದು ಹಲ್ಲು ಮಾತ್ರ. ಅಂಗಡಿಯಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಬ್ರಷ್ಷನ್ನೇ ಆರಿಸಿ ತರುತ್ತಿದ್ದರು. ನೆಲದ ಜಿಡ್ಡು ಕೆರೆಯಲು ತಕ್ಕ ಅಂಥ ವಸ್ತುವನ್ನು ಮನುಷ್ಯರ ಬಾಯಿಗೆಂದು ಬಣ್ಣದ ಡಬ್ಬಿಯಲ್ಲಿಟ್ಟು ಮಾರಲು ಬಿಟ್ಟವರು ಯಾರೆಂದು ಇಂದಿಗೂ ಯಾರೂ ವಿಚಾರಿಸಿಲ್ಲ. ಬೆಳಿಗ್ಗೆ ಕನ್ನಡಿಯ ಮುಂದೆ ಕಾಲು ಅಗಲಿಸಿ ನಿಂತು, ಮೊಣಕೈ ಮೇಲೆತ್ತಿ, ಕಂಬಿ ತಿಕ್ಕುವ ಹಾಗೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಉಜ್ಜುವರು. ತಿಂಗಳು ತುಂಬುವ ಮೊದಲೇ ಬ್ರಷ್ಷಿನ ಎಳೆಗಳು ಸವೆದ ಪೊರಕೆಯಂತೆ ಕೆದರಿಕೊಳ್ಳುತ್ತಿದ್ದವು. ಅದನ್ನು ಹೆಮ್ಮೆಯಿಂದ ಹೆಂಡತಿಗೆ ತೋರಿಸುವರು.

"ಹಲ್ಲುಜ್ಜೋದಾ ಇದು? ಕುಸ್ತಿ!" ಎನ್ನುವರು ಆಕೆ. "ನನ್ನ ಹಲ್ಲು ನೋಡಿ, ಲೋಟದಲ್ಲಿ ಹೇಗೆ ಹಾಯಾಗಿ ಮಲಗಿದೆ."

"ನಿನ್ನದು ಕಟ್ಟಿಸಿದ್ದು. ನನ್ನದು ಸ್ವಂತದ್ದು ಕಣೇ."

ಆ ಸ್ವಂತದ್ದರಲ್ಲಿ ಮೇಲ್ಸಾಲಿನ ಮುಂದಿನ ಹಲ್ಲೊಂದು ಅಲ್ಲಾಡತೊಡಗಿತು. ಇದು ಅಂದಚಂದದ ಪ್ರಶ್ನೆಯಾಗಿರಲಿಲ್ಲ. ಹೆಂಡತಿಗೆ ಕಣ್ಣು ಮಂದ. ಬಾಗಿಲ ಕಿಂಡಿಯಲ್ಲಿ ಇಣುಕಿದರೆ ಕಾಣುವುದು ಬರೀ ನೆರಳು. ಹಿಂದೊಮ್ಮೆ ಯಾವನೋ ಹೊರಗಿನಿಂದ "ನಾನೇ, ತೆಗಿ" ಎಂದು ಗೊಣಗಿ, ಬಾಗಿಲು ತೆಗೆಸಿ, ಆಕೆಯನ್ನು ತಳ್ಳಿ ಒಳನುಗ್ಗಿದ್ದ. ಅಂದಿನಿಂದ ದಂಪತಿಗಳು ಒಂದು ಗುರುತು ಮಾಡಿಕೊಂಡಿದ್ದರು. ಫಳಫಳಪ್ಪ ಮೆಟ್ಟಿಲ ತಿರುವಿನಲ್ಲಿ ಮುಂದಿನ ಹಲ್ಲಿಗೆ ನಾಲಗೆ ಒತ್ತಿ ಒಂದು ಸಿಳ್ಳೆ ಹಾಕಬೇಕು; ಆಗಷ್ಟೇ ಆಕೆ ಅಗುಳಿ ತೆಗೆಯಬೇಕು.

ಒಂದು ಸಂಜೆ ಆ ಸಿಳ್ಳೆ ಪುಸ್ಸೆಂದಿತು. ಬಾಗಿಲು ತೆರೆಯಲಿಲ್ಲ.

"ಯಾರದು?" ಎಂದಿತು ಒಳಗಿನ ದನಿ.

"ನಾನೇ ಕಣೇ!"

"ಅವತ್ತು ಬಂದವನೂ ನಾನೇ ಅಂದಿದ್ದ."

ತರಕಾರಿ ಚೀಲ ಹಿಡಿದು ಅವರು ತಮ್ಮ ಮನೆಯ ಹೊಸ್ತಿಲಾಚೆಯೇ ನಿಂತರು. ಎದುರುಮನೆಯವರು ಬಂದು ಸಾಕ್ಷಿ ಹೇಳಿದ ಮೇಲೆ ಅಗುಳಿ ಸರಿಯಿತು. ಆ ರಾತ್ರಿ ಇಬ್ಬರಿಗೂ ಊಟ ರುಚಿಸಲಿಲ್ಲ.

ಮರುದಿನ ಹಲ್ಲಿನ ಡಾಕ್ಟರಮ್ಮ ಪುಟ್ಟ ಕನ್ನಡಿಯನ್ನು ಬಾಯೊಳಗಿಟ್ಟು ನೋಡಿದರು.

"ಯಜಮಾನ್ರೇ, ಮುಂಭಾಗ ತಿಕ್ಕಿ ತಿಕ್ಕಿ ಒಸಡು ಹೆದರಿ ಮೇಲಕ್ಕೆ ಓಡಿದೆ. ಹಿಂಭಾಗಕ್ಕೆ ಬ್ರಷ್ ಮುಟ್ಟಿದ ಹಾಗೇ ಇಲ್ಲ. ಅಲ್ಲಿ ಕೊಳೆ ಕಲ್ಲಾಗಿ ಕೂತು ಬುಡಾನೇ ಸಡಿಲ ಮಾಡ್ತಿದೆ."

"ಹಿಂಭಾಗ ಯಾರು ನೋಡ್ತಾರೆ, ಡಾಕ್ಟ್ರಮ್ಮ?"

"ನಾನು ನೋಡ್ತಿದ್ದೀನಲ್ಲ! ಈಗ ಕಲ್ಲು ತೆಗೀತೀನಿ. ಆದ್ರೆ ಹೋದ ಒಸಡು ತಾನಾಗಿ ವಾಪಸ್ ಬರಲ್ಲ. ಕೈ ಹಗುರ ಮಾಡ್ಕೊಳ್ಳಿ, ಹಿಂದೆ ಮುಂದೆ ಎರಡೂ ಕಡೆ ಉಜ್ಜಿ. ಇಲ್ದಿದ್ರೆ ಈ ಹಲ್ಲು ಕೈಗೆ ಬರುತ್ತೆ."

ವಿಷಯ ತಿಳಿದ ಮಗಳು ಎಲೆಕ್ಟ್ರಿಕ್ ಬ್ರಷ್ಷೊಂದನ್ನು ತಂದುಕೊಟ್ಟಳು. "ಅಪ್ಪ, ಸುಮ್ಮನೆ ಹಲ್ಲಿನ ಮೇಲಿಟ್ಟು ನಿಧಾನಕ್ಕೆ ಸರಿಸ್ತಾ ಹೋಗಿ. ಉಜ್ಜೋ ಕೆಲಸ ಅದರದ್ದು" ಎಂದು ಹೇಳಿ ಹೋದಳು.

ಕೆಲಸವನ್ನು ಇನ್ನೊಬ್ಬರಿಗೆ ಬಿಟ್ಟು ಸುಮ್ಮನಿರುವುದು ಫಳಫಳಪ್ಪನವರಿಗೆ ಗೊತ್ತಿರಲಿಲ್ಲ. ಗುಂಯ್ಗುಡುವ ಬ್ರಷ್ಷನ್ನು ಹಳೆಯ ರೀತಿಯಲ್ಲೇ ಒತ್ತಿದರು. ಅದರ ದನಿ ಕುಗ್ಗಿತು. ಹಿಡಿಯ ಮೇಲೆ ಕೆಂಪು ದೀಪ ಹತ್ತಿತು. ಮತ್ತಷ್ಟು ಒತ್ತಿದರು. ದೀಪ ಆರಲಿಲ್ಲ. ವಾರವಿಡೀ ಇದೇ ಕಥೆ.

"ಅಂಗಡಿಯವನು ಕೆಟ್ಟ ಮಾಲು ಕೊಟ್ಟಿದ್ದಾನೆ ಕಣೇ. ಒತ್ತಿದ್ರೆ ಉಸಿರು ಬಿಡುತ್ತೆ! ಹಿಂದಿರುಗಿಸಿ, ನಾಲ್ಕು ಮಾತು ಆಡಿ ಬರ್ತೀನಿ."

"ಆಡಿ. ಸಿಳ್ಳೆ ಹೋದ್ರೂ ಬಾಯಿ ಭದ್ರವಾಗಿದೆಯಲ್ಲ."

ಅಂಗಡಿಗೆ ಹೋಗುವ ದಾರಿಯಲ್ಲೇ ಹಳೆಯ ಕಟ್ಟಡ. ಅಲ್ಲಿ ಅವರು ಥಟ್ಟನೆ ನಿಂತರು. ಗೋಡೆಯ ಮೇಲೆ ಹೊಸ ನಾಮಫಲಕ ಕುಳಿತಿತ್ತು.

"ನನ್ನ ಫಲಕ ಏನಾಯ್ತಯ್ಯ?" ಎಂದು ದ್ವಾರಪಾಲಕನನ್ನು ಗದರಿದರು. "ಎಷ್ಟು ಚೆನ್ನಾಗಿ ಹೊಳೀತಿತ್ತು!"

"ಹೊಳೀತಿತ್ತು ಫಳಫಳಪ್ಪನೋರೇ. ಓದೋಕೆ ಮಾತ್ರ ಆಗ್ತಿರಲಿಲ್ಲ. ಬಂದವರೆಲ್ಲ, ಇದು ಯಾವ ಆಫೀಸು, ಕನ್ನಡಿ ಅಂಗಡೀನಾ ಅಂತ ನನ್ನ ಪ್ರಾಣ ತಿಂತಿದ್ರು."

ಮೆಟ್ಟಿಲ ಕೆಳಗಿನ ಗೂಡಿನಿಂದ ಆತ ಹಳೆಯ ಫಲಕವನ್ನು ಎಳೆದು ತಂದ. ಫಳಫಳಪ್ಪ ಅದರ ಮೇಲೆ ಹೆಬ್ಬೆರಳು ಆಡಿಸಿದರು. ಆಳವಾಗಿ ಕೆತ್ತಿದ್ದ ಅಕ್ಷರಗಳ ಜಾಗದಲ್ಲಿ ಬೆರಳಿಗೆ ಏನೂ ತಗುಲಲಿಲ್ಲ. ಹಿಂದೆ ತಿರುಗಿಸಿದರು. ಯಾರೂ ನೋಡದ ಆ ಬೆನ್ನಿನಲ್ಲಿ ಹಸಿರು ಕಿಲುಬು ದಪ್ಪನಾಗಿ ಹತ್ತಿಕೊಂಡಿತ್ತು.

ಅವರ ನಾಲಗೆ ತಾನಾಗಿ ಮುಂದಿನ ಹಲ್ಲಿನ ಹಿಂದಕ್ಕೆ ಸರಿಯಿತು.

"ಯಾಕೆ, ಬೇಜಾರಾಯ್ತಾ?" ಎಂದ ದ್ವಾರಪಾಲಕ.

"ಲಿಫ್ಟಿನ ಬೆಳ್ಳಿ ಲೇಪದ ಗುಂಡಿಗಳು ಹೇಗಿವೆಯಯ್ಯ?"

"ಅವು ಹೊಸದರ ಹಾಗೇ ಇವೆ."

ಇರಲೇಬೇಕು. ಆ ಗುಂಡಿಗಳ ಲೇಪ ಕಿತ್ತುಬಂದೀತೆಂಬ ಹೆದರಿಕೆಗೆ ಅವರು ಅವನ್ನು ಎಂದೂ ಒತ್ತಿ ಉಜ್ಜಿರಲಿಲ್ಲ; ಮೆತ್ತನೆಯ ಬಟ್ಟೆಯ ಭಾರವಷ್ಟೇ ಬೀಳುವಂತೆ ಒರೆಸುತ್ತಿದ್ದರು. ಹಗುರವಾದ ಕೈ ತಮ್ಮಲ್ಲೇ ಇತ್ತು. ಬಾಯಿಗೆ ಮಾತ್ರ ಅದನ್ನು ತಂದಿರಲಿಲ್ಲ.

ಅಂಗಡಿಯತ್ತ ಹೋಗದೆ ಡಬ್ಬಿಯೊಂದಿಗೆ ಮನೆಗೆ ಮರಳಿದರು. ಲಿಫ್ಟಿನ ಗುಂಡಿಯನ್ನು ಒರೆಸುವವರಂತೆ ಬ್ರಷ್ಷನ್ನು ಮೂರೇ ಬೆರಳಲ್ಲಿ ಹಿಡಿದು ಹಲ್ಲುಗಳ ಹಿಂದೂ ಮುಂದೂ ಸರಿಸಿದರು. ಕೆಂಪು ದೀಪ ಹತ್ತಲಿಲ್ಲ. ಚಾರ್ಜ್ ಮುಗಿದ ದಿನ ಮೆತ್ತನೆಯ ಎಳೆಯ ಸಾದಾ ಬ್ರಷ್ಷನ್ನೂ ಅದೇ ಮೂರು ಬೆರಳಲ್ಲಿ ಹಿಡಿದರು. ಅದೂ ಅಷ್ಟೇ ನಿಯತ್ತಾಗಿ ದುಡಿಯಿತು. ಯಂತ್ರವೊಂದನ್ನು ಕೊಂಡರೆ ಸಾಕು ಎಂದು ಕೂಗುವ ಜಾಹೀರಾತಿನವರು ಈ ಮಾತನ್ನು ಎಂದೂ ಹೇಳುವುದಿಲ್ಲ. ಯಂತ್ರವೆಂದರೆ ಬರೀ ಶೋಕಿ ಎಂದು ಮೂಗು ಮುರಿಯುವವರೂ, ಒತ್ತಿದ್ದು ಹೆಚ್ಚಾಯಿತೆಂದು ಎಚ್ಚರಿಸುವ ಆ ಕೆಂಪು ದೀಪದ ಉಪಕಾರವನ್ನು ನೆನೆಯುವುದಿಲ್ಲ.

ಆರು ತಿಂಗಳ ಮೇಲೆ ಡಾಕ್ಟರಮ್ಮ ಹಲ್ಲನ್ನು ಮೆಲ್ಲನೆ ಅಲ್ಲಾಡಿಸಿ ನೋಡಿದರು. "ಬಿಗಿಯಾಗಿದೆ. ಒಸಡೂ ಇದ್ದಲ್ಲೇ ನಿಂತಿದೆ. ಹೀಗೇ ನೋಡ್ಕೊಂಡ್ರೆ ಉಳಿಯುತ್ತೆ."

ಅಂದು ಸಂಜೆ ಮೆಟ್ಟಿಲ ತಿರುವಿನಲ್ಲಿ ಫಳಫಳಪ್ಪ ಚೀಲ ಕೆಳಗಿಟ್ಟು, ಬಾಯಿ ಸರಿಮಾಡಿಕೊಂಡು ಸಿಳ್ಳೆ ಹಾಕಿದರು. ಹಲ್ಲಿನ ಸಂದಿ ತುಸು ಅಗಲವಾಗಿದ್ದುದರಿಂದ ಗಾಳಿ ಬೆರೆತೇ ಬಂತು. ಬಾಗಿಲತ್ತ ಕಿವಿಗೊಟ್ಟು ಕಾದರು.

ಅಗುಳಿ ಸರಿಯಿತು.

"ಮೊದಲಿನ ಹಾಗಿಲ್ಲ," ಎಂದರು ಹೆಂಡತಿ, ಕೈಚಾಚಿ ಚೀಲ ತಡಕುತ್ತ. "ಆದ್ರೆ ನಿಮ್ಮದೇ."